ನಂಜಮ್ಮಣ್ಣಿಯ ಮೂಗು

ನಂಜಮ್ಮಣ್ಣಿಯ ಮೂಗು ನೋಡುವುದಕ್ಕೇನೂ ವಿಶೇಷವಾಗಿರಲಿಲ್ಲ. ಸಣ್ಣ ಮೂಗು, ಅದಕ್ಕೊಂದು ಕೆಂಪು ಹರಳಿನ ಮೂಗುಬೊಟ್ಟು, ತುದಿಯಲ್ಲಿ ಯಾವಾಗಲೂ ಒಂದು ಹನಿ ಬೆವರು. ಆದರೆ ನಾನು ನನ್ನ ಹಿಟ್ಟಿನ ಮಿಲ್ಲಿನ ಹಿಂಬದಿಗೆ ಹೋಗಿ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಂಡು, ಗೋಡೆಗೆ ಒರಗಿ ಬೀಡಿ ಹಚ್ಚಿದರೂ ರಸ್ತೆಯಾಚೆಯಿಂದ ಕೂಗು ಬಂದೇ ಬರುತ್ತಿತ್ತು.

"ಲೇ ಸಿದ್ದರಾಜು, ಆರಿಸ್ಲಾ ಅದ! ನನ್ನ ಹುಳ ಏನ್ಲಾ ಮಾಡಿದ್ವು ನಿಂಗೆ?"

ಹುಳ ಎಂದರೆ ರೇಷ್ಮೆ ಹುಳ. ಕನಕಪುರದಿಂದ ರಾಮನಗರಕ್ಕೆ ಹೋಗುವ ದಾರಿಯ ಕಡೆಯ ನಮ್ಮೂರಿನಲ್ಲಿ ಹುಳ ಸಾಕದ ಮನೆ ಹುಡುಕಬೇಕು. ತಂಬಾಕಿನ ಹೊಗೆ ಆ ಜೀವಕ್ಕೆ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ರಸ್ತೆ ದಾಟಿ ಹಿಡಿಯುವುದು ಬೇರೆ. ಬೀಡಿ ಸೇದಿ, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಎದುರಿಗೆ ನಿಂತರೂ ಆಕೆ ಒಮ್ಮೆ ಉಸಿರೆಳೆದು, "ದೂರ ನಿಂತ್ಕೊಂಡು ಮಾತಾಡು" ಎನ್ನುತ್ತಿದ್ದಳು. ಊದುಬತ್ತಿ, ಸೆಂಟು, ಪಕ್ಕದ ತೋಟದವರು ಹೊಡೆದ ಔಷಧಿ, ಎಲ್ಲವೂ ಆ ಮೂಗಿನ ಮುಂದೆ ಹಾಜರಿ ಹಾಕಿಯೇ ಮುಂದೆ ಹೋಗಬೇಕಿತ್ತು.

ಮೂಗಿನಿಂದ ಪಾರಾದವರಿಗೆ ತೊಟ್ಟಿ ಕಾದಿರುತ್ತಿತ್ತು. ಹುಳದ ಮನೆಯ ಬಾಗಿಲಲ್ಲೇ ಮೊಳ ಅಗಲದ ಸಿಮೆಂಟ್ ತೊಟ್ಟಿ, ಅದರ ತುಂಬ ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರು. ಯಾರೇ ಆಗಲಿ ಅದರಲ್ಲಿ ಕಾಲಿಟ್ಟೇ ಒಳಗೆ ಬರಬೇಕು. ಮಗಳನ್ನು ನೋಡಲು ಮಾಗಡಿ ಕಡೆಯಿಂದ ಗಂಡಿನವರು ಬಂದಾಗ, ಗಂಡಿನ ತಂದೆಗೆ ಹುಳ ನೋಡುವ ಆಸೆಯಾಯಿತು. ಹೊಸ ಚರ್ಮದ ಚಪ್ಪಲಿ, ಇಸ್ತ್ರಿ ಹೊಡೆದ ಪಂಚೆ, ಹೆಗಲ ಮೇಲೆ ಜರಿ ಶಲ್ಯ. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ನಂಜಮ್ಮಣ್ಣಿ ತಲೆ ತುಂಬ ಸೆರಗು ಹೊದ್ದು, ಬಹಳ ವಿನಯದಿಂದ, "ಬೀಗ್ರೇ, ಒಸಿ ಕಾಲು ತೊಟ್ಟಿಗಾಕಿ ಬನ್ನಿ" ಎಂದಳು. ಅವರು ಚಪ್ಪಲಿಯ ಸಮೇತ ಇಳಿದರು. ಚಪ್ಪಲಿಯ ಮೇಲೆ ಬಿಳಿ ಮಚ್ಚೆ ಎದ್ದವು. ಸಂಬಂಧ ಮುರಿದೇ ಹೋಯಿತು ಎಂದು ನಾನು ಮಿಲ್ಲಿಗೆ ವಾಪಸು ಬಂದು ಮೋಟಾರಿಗೆ ಬೆಲ್ಟು ಹಾಕಿದೆ. ಆದರೆ ಆ ಮನುಷ್ಯ, "ಹುಳಾನೇ ಇಷ್ಟು ಚೊಕ್ಕವಾಗಿ ನೋಡ್ಕೊಳೋರು ಮಗಳನ್ನ ಹೆಂಗೆ ಬೆಳೆಸಿರಬ್ಯಾಡ" ಎಂದು ಅಲ್ಲೇ ಒಪ್ಪಿಗೆ ಕೊಟ್ಟು, ಮಚ್ಚೆ ಬಿದ್ದ ಚಪ್ಪಲಿಯಲ್ಲೇ ಊರಿಗೆ ಹೋದರು.

ನನಗೆ ಆಕೆ ರಕ್ತಸಂಬಂಧಿಯಲ್ಲ, ಎದುರುಮನೆಯವಳು. ನಾನು ದೊಡ್ಡವ್ವ ಎನ್ನುತ್ತಿದ್ದೆ. ಗಂಡ ಹೋದ ಮೇಲೆ, ಮಗಳೂ ಗಂಡನ ಮನೆ ಸೇರಿದ ಮೇಲೆ ಆ ಮನೆಯಲ್ಲಿ ಉಳಿದವರು ಇಬ್ಬರೇ: ನಂಜಮ್ಮಣ್ಣಿ ಮತ್ತು ಆಕೆಯ ನಾದಿನಿ ಚಿಕ್ಕತಾಯಿ. ಚಿಕ್ಕತಾಯಿ ಹರೆಯದಲ್ಲೇ ವಿಧವೆಯಾಗಿ ತವರಿಗೆ ಬಂದವಳು, ಮೆತ್ತನೆ ಜೀವ. ಒಬ್ಬಳು ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದರೆ ಇನ್ನೊಬ್ಬಳು ಹುಳಕ್ಕೆ ಹಾಕುವಳು. ಇಬ್ಬರೂ ದಿನವಿಡೀ ಜಗಳವಾಡುವರು, ಒಬ್ಬಳಿಲ್ಲದೆ ಇನ್ನೊಬ್ಬಳು ತುತ್ತು ಎತ್ತುತ್ತಿರಲಿಲ್ಲ.

ನಂಜಮ್ಮಣ್ಣಿಗೆ ಒಂದು ವಿಚಿತ್ರ ಕುತೂಹಲವಿತ್ತು. ರೋಗ ಬಂದ ಹುಳವನ್ನು ಎರಡು ಪೊರಕೆ ಕಡ್ಡಿಯಲ್ಲಿ ಎತ್ತಿ ಸುಣ್ಣದ ಬಾಂಡ್ಲಿಗೆ ಹಾಕುವುದು ಎಲ್ಲರೂ ಮಾಡುವ ಕೆಲಸ. ಈಕೆ ಹಾಕುವ ಮೊದಲು ಅದನ್ನು ಒಂದು ಎಲೆಯ ಮೇಲಿಟ್ಟು, ಬಿಸಿಲಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡುವಳು. ಆಮೇಲೆ ತನಗೆ ತಾನೇ ಕೇಳಿಕೊಳ್ಳುವಳು: "ಗಾಳೀಲಿ ಬಂತಾ, ಕೈಲಿ ಬಂತಾ, ಸೊಪ್ಪಲ್ಲಿ ಬಂತಾ?" ಉತ್ತರ ಸಿಗುವವರೆಗೆ ಬಿಡುತ್ತಿರಲಿಲ್ಲ. ರೇಷ್ಮೆ ಇನ್ಸ್‌ಪೆಕ್ಟರ್ ಬಂದರೆ ಅವರಿಗೂ ಇದೇ ಪ್ರಶ್ನೆ. ಅವರು ಗಡಿಬಿಡಿಯಲ್ಲಿ "ಎಲ್ಲದರಲ್ಲೂ ಬರುತ್ತಮ್ಮ" ಎಂದರೆ ಆಕೆಗೆ ಸಮಾಧಾನವಿಲ್ಲ. ಒಂದು ಸಲ ನನ್ನ ಹೆಂಡತಿಗೆ ಕಣ್ಣುಬೇನೆ ಬಂದಾಗ ನಾಲ್ಕು ಸಲ ರಸ್ತೆ ದಾಟಿ ಬಂದು, ಟವೆಲ್ಲು ಯಾರದ್ದು, ದಿಂಬು ಯಾರದ್ದು ಎಂದು ವಿಚಾರಣೆ ನಡೆಸಿ, ಕೊನೆಗೆ ತಪ್ಪು ನನ್ನ ಟವೆಲ್ಲಿನದೇ ಎಂದು ತೀರ್ಪು ಕೊಟ್ಟು ಹೋಗಿದ್ದಳು.

ಆ ಕುತೂಹಲಕ್ಕೆ ಒಂದು ಹಳೆಯ ಗಾಯವೂ ಕಾರಣ. ಚಿಕ್ಕತಾಯಿ ತವರಿಗೆ ಬಂದ ಹೊಸತರಲ್ಲಿ ಒಂದು ಬೆಳೆಗೆ, ಎಂದರೆ ಒಂದು ಸಲ ತಂದು ಸಾಕಿದ ಹುಳಕ್ಕೆ, ಗಂಟುರೋಗ ತಗುಲಿತ್ತು. ರೇಷ್ಮೆಯವರಿಗೆ ಆ ಹೆಸರು ಕೇಳಿದರೇ ಕೈಕಾಲು ತಣ್ಣಗಾಗುತ್ತದೆ. ಹುಳ ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು, ಒಳಗೆ ರೋಗ ಇದ್ದೇ ಇರುತ್ತದೆ, ಅದು ಚಿಟ್ಟೆಯಾಗಿ ಇಡುವ ಮೊಟ್ಟೆಗೂ ಹೋಗುತ್ತದೆ. ನಂಜಮ್ಮಣ್ಣಿ ಮಂಕಾದ ಹುಳಗಳನ್ನೆಲ್ಲ ಆರಿಸಿ ಬಾಂಡ್ಲಿಗೆ ಹಾಕಿದಳು. ಚಿಕ್ಕತಾಯಿಗೆ ಮನಸ್ಸು ಒಪ್ಪಲಿಲ್ಲ. ಒಂದು ಹಿಡಿ ಹುಳವನ್ನು ಕದ್ದು, ಹುಳ ಸಾಕುವ ಬಿದಿರು ತಟ್ಟೆಯೊಂದರ ಅಡಿಯಲ್ಲಿಟ್ಟು, ಎಳೆ ಸೊಪ್ಪು ಹಾಕಿ ಸಾಕಿದಳು. ಅವು ಸೊಪ್ಪು ತಿಂದವು, ಓಡಾಡಿದವು. "ನೋಡತ್ತಿಗೆ, ಎದ್ವು" ಎಂದು ಖುಷಿಯಿಂದ ತೋರಿಸಿದಳಂತೆ. ನಂಜಮ್ಮಣ್ಣಿಯೂ ನೋಡಿ, ಪಾಪ ಇರಲಿ ಎಂದು ಬಿಟ್ಟಳು. ಒಂದು ಗೂಡೂ ಕಟ್ಟದೆ ಮನೆಯ ಅಷ್ಟೂ ಹುಳ ಸತ್ತವು. ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ನಂಜಮ್ಮಣ್ಣಿ ನಾದಿನಿಗೆ ಒಂದು ಮಾತೂ ಬೈಯಲಿಲ್ಲ. ಆದರೆ ಅವತ್ತಿನಿಂದ ಆಕೆಯ ತಲೆಯಲ್ಲಿ ಒಂದು ಕಾಯಿದೆ ಗಟ್ಟಿಯಾಯಿತು: ಕಾಯಿಲೆ ಬಿದ್ದಿದ್ದು ಎದ್ದ ಹಾಗೆ ಕಾಣುತ್ತದೆ, ಏಳುವುದಿಲ್ಲ.

ಇಷ್ಟರಲ್ಲಿ ಕೊರೊನಾ ಬಂತು.

ಊರಿನ ತಿಳಿವಳಿಕೆ ಅಷ್ಟೂ ನನ್ನ ಮಿಲ್ಲಿನಲ್ಲೇ ಬೀಸಿಕೊಂಡು ಹೋಗುತ್ತಿದ್ದುದರಿಂದ ನನಗೆ ಎಲ್ಲವೂ ಗೊತ್ತು. ಮುದ್ದೆ ಉಣ್ಣುವವರಿಗೆ ಬರುವುದಿಲ್ಲ ಎಂದು ಒಬ್ಬರು. ಅದು ಏಸಿಯಲ್ಲಿ ಕೂರುವವರ ಕಾಯಿಲೆ, ಬಿಸಿಲಿಗೆ ಸಾಯುತ್ತದೆ ಎಂದು ಇನ್ನೊಬ್ಬರು. ಬೆಳಿಗ್ಗೆ ಶುಂಠಿ, ಮೆಣಸು, ಸಂಜೆ ಒಂದು ಕ್ವಾರ್ಟರ್ ಎಂದು ಮತ್ತೊಬ್ಬರ ಚಿಕಿತ್ಸೆ. ಅಂಥ ರೋಗವೇ ಇಲ್ಲ, ಎಲ್ಲ ಟಿವಿಯವರ ಕಿತಾಪತಿ ಎನ್ನುವವರು ಬೆಂಗಳೂರಿನಿಂದ ಯಾರೂ ಬರದಂತೆ ಊರ ಬಾಗಿಲಿಗೆ ಜಾಲಿಮುಳ್ಳು ಎಳೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದರು. ಮಾಸ್ಕು ಎಲ್ಲರ ಹತ್ತಿರವೂ ಇತ್ತು, ಜೇಬಿನಲ್ಲಿ. ಪೊಲೀಸ್ ಜೀಪು ಕಂಡರೆ ಮುಖಕ್ಕೆ ಏರುತ್ತಿತ್ತು.

ನಂಜಮ್ಮಣ್ಣಿ ಮಾತ್ರ ಯಾರ ಮಾತನ್ನೂ ನಂಬಲಿಲ್ಲ, ತಳ್ಳಿಯೂ ಹಾಕಲಿಲ್ಲ. ಟಿವಿಯ ಮುಂದೆ ಕುಳಿತು ಟಿವಿಯನ್ನೇ ಕೇಳುವಳು: "ಗಾಳೀಲಿ ಬಂತಾ, ಕೈಲಿ ಬಂತಾ?" ಅದು ಒಂದು ದಿನ ಕೈಯಲ್ಲಿ ಎನ್ನುವುದು, ಇನ್ನೊಂದು ದಿನ ಗಾಳಿಯಲ್ಲಿ ಎನ್ನುವುದು. "ಇದಕ್ಕೂ ಸರ್ಯಾಗಿ ಗೊತ್ತಿಲ್ಲ ಕಣ್ಲಾ. ಗೊತ್ತಾಗೋಗಂಟ ಎರಡೂ ಬಾಗಿಲು ಹಾಕ್ಕಬೇಕು" ಎಂದು ನನ್ನ ಮಿಲ್ಲಿನ ಬಾಗಿಲಿಗೂ ಒಂದು ಸುಣ್ಣದ ನೀರಿನ ಬಾಂಡ್ಲಿ ತಂದಿಟ್ಟಳು. ರಾಗಿ ತಂದವರ ಕೈ, ಕಾಲು, ಚೀಲದ ತಳ, ಎಲ್ಲ ಅದರಲ್ಲಿ ಅದ್ದಿ ಬರಬೇಕು. ಜನ ನಕ್ಕರು, ಆದರೂ ಅದ್ದಿದರು. ಉತ್ಸಾಹದಲ್ಲಿ ಬದನೆಕಾಯಿಯನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದು ಸಾರು ಮಾಡಿ, ಆ ಮೂಗಿನ ಒಡತಿಯೇ ಉಣ್ಣುವ ಗಂಗಳ ಬಿಟ್ಟು ಎದ್ದು ಹೋದದ್ದನ್ನು ಚಿಕ್ಕತಾಯಿ ನನಗೆ ಗುಟ್ಟಾಗಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ರೋಗ ಬಂದದ್ದೂ ಆ ನಗುವವಳಿಗೇ. ಒಂದು ಬೆಳಿಗ್ಗೆ ಒಗ್ಗರಣೆ ಸೀದು ಹೊಗೆ ಎದ್ದರೂ ಚಿಕ್ಕತಾಯಿಗೆ ವಾಸನೆ ತಿಳಿಯಲಿಲ್ಲ. ಆಮೇಲೆ ಜ್ವರ, ಕೆಮ್ಮು. ಆಶಾ ಕಾರ್ಯಕರ್ತೆ ಬಂದಳು, ಪರೀಕ್ಷೆಯಾಯಿತು, ಆಂಬುಲೆನ್ಸು ಬಂದು ಕನಕಪುರದಲ್ಲಿ ರೋಗಿಗಳನ್ನು ಇಟ್ಟಿದ್ದ ಹಾಸ್ಟೆಲ್ಲಿಗೆ ಕರೆದುಕೊಂಡು ಹೋಯಿತು. ನಂಜಮ್ಮಣ್ಣಿ ಬಾಗಿಲಲ್ಲಿ ನಿಂತು ನೋಡಿದಳು, ಅಳಲಿಲ್ಲ. ಮನೆಯನ್ನೆಲ್ಲ ಸುಣ್ಣದಲ್ಲಿ ತೊಳೆದಳು, ನಾದಿನಿಯ ಚಾಪೆ ಸುಟ್ಟಳು. ಅದಾದ ಮೇಲೆ ಒಲೆಯ ಮುಂದೆ ಕುಳಿತು ಎದೆ ಬಡಿದುಕೊಂಡು ಅತ್ತಳು ಎಂದು ನನ್ನ ಹೆಂಡತಿ ಹೇಳಿದಳು. ನಂಜಮ್ಮಣ್ಣಿಯ ಲೆಕ್ಕದಲ್ಲಿ ಚಿಕ್ಕತಾಯಿ ಹೋದ ಹಾಗೆಯೇ.

ಆದರೆ ಚಿಕ್ಕತಾಯಿ ವಾಪಸು ಬಂದಳು. ಒಸಿ ಸೊರಗಿದ್ದಳು, ಅಷ್ಟೆ. ಕೈಯಲ್ಲಿ ಬಟ್ಟೆಯ ಚೀಲ, ಮುಖದ ತುಂಬ ನಗು. ಮನೆಯ ಮುಂದೆ ನಿಂತು "ಅತ್ತಿಗೆ, ಬಂದೆ" ಎಂದಳು. ನಂಜಮ್ಮಣ್ಣಿ ಹೊಸ್ತಿಲ ಮೇಲೆ ಕೈ ಅಡ್ಡ ಇಟ್ಟು ನಿಂತಳು.

"ಒಳಕ್ಕೆ ಬರ್ಬ್ಯಾಡ ಕಣವ್ವ. ತೋಟದ ಪಂಪ್‌ಸೆಟ್ ಮನೇಲಿ ಚಾಪೆ ಹಾಕಿವ್ನಿ. ಅಲ್ಲಿರು."

"ವಾಸಿಯಾಗೈತೆ ಅತ್ತಿಗೆ. ಡಾಕ್ಟ್ರೇ ಕಳ್ಸವ್ರೆ."

"ಅವತ್ತು ನೀನು ತಟ್ಟೆ ಕೆಳಗಿಟ್ಟ ಹುಳಾನೂ ವಾಸಿಯಾಗಿದ್ವು."

ಚಿಕ್ಕತಾಯಿಯ ಮುಖದ ನಗು ಇಳಿದುಹೋಯಿತು. ಚೀಲವನ್ನು ಹೆಗಲಿಗೇರಿಸಿ ತೋಟದ ಕಡೆ ನಡೆದಳು. ನಾನು ಮಿಲ್ಲಿನ ಬಾಗಿಲಲ್ಲಿ ನಿಂತಿದ್ದೆ. ಅಷ್ಟು ಸಿಟ್ಟು ನನಗೆ ಆ ಹೆಂಗಸಿನ ಮೇಲೆ ಹಿಂದೆಂದೂ ಬಂದಿರಲಿಲ್ಲ.

ಅಂದಿನಿಂದ ನಂಜಮ್ಮಣ್ಣಿ ಹೊತ್ತು ಹೊತ್ತಿಗೆ ಬಿಸಿ ಮುದ್ದೆ, ಸಾರು ಒಯ್ದು ಪಂಪ್‌ಸೆಟ್ ಮನೆಯ ಮುಂದಿನ ಚಪ್ಪಡಿಯ ಮೇಲಿಟ್ಟು, ಹಿಂದಕ್ಕೆ ಬಂದು ಬದುವಿನ ಮೇಲೆ ಕೂರುವಳು. ಚಿಕ್ಕತಾಯಿ ಮೊದಲು ಉಂಡಳು, ಆಮೇಲೆ ಮುಟ್ಟದೆ ಬಿಟ್ಟಳು. ಮುಟ್ಟದ ಗಂಗಳವನ್ನು ನೋಡುತ್ತ ಈಕೆಯೂ ಉಪವಾಸ. ಊರಿನಲ್ಲಿ ಅರ್ಧ ಜನ ಆಕೆ ಮಾಡಿದ್ದೇ ಸರಿ ಎಂದರು. ಅದು ನನಗೆ ಇನ್ನೂ ಕೆಟ್ಟದೆನಿಸಿತು. ಆಶಾ ಕಾರ್ಯಕರ್ತೆ ಬಂದು, ವಾಸಿಯಾದವರಿಂದ ಅಂಟುವುದಿಲ್ಲ ಎಂದು ಹೇಳಿದಳು. "ಯಾರು ಜೊತೇಲಿದ್ದು ನೋಡವ್ರೆ?" ಎಂದು ನಂಜಮ್ಮಣ್ಣಿ ಕೇಳಿದಳು. ಜಗಳಕ್ಕಲ್ಲ, ತಿಳಿಯಲೆಂದೇ ಕೇಳಿದ್ದು. ಆ ಹುಡುಗಿಗೆ ಹತ್ತು ಊರು ಸುತ್ತುವುದಿತ್ತು, ಹೋದಳು.

ಕೊನೆಗೆ ನಾನೇ ಬದುವಿನ ಮೇಲೆ ಹೋಗಿ ಕುಳಿತೆ. "ದೊಡ್ಡವ್ವ, ಚಿಕ್ಕತಾಯಿ ಹುಳ ಅಲ್ಲ. ಮನುಷ್ರಿಗೆ ಜ್ವರ ಬತ್ತದೆ, ಹೋಯ್ತದೆ. ನಿಂಗೆ ಬಂದು ಹೋಗಿಲ್ವಾ?"

"ನೆಗಡಿ ಜ್ವರ ಬ್ಯಾರೆ ಕಣ್ಲಾ. ಇದು ಊರೂರೇ ಹೊಡ್ಕೊಂಡು ಹೋಯ್ತಾ ಐತೆ. ಹಂಗೆ ಹೊಡೆಯೋದ ನಾನು ನೋಡಿರೋದು ಹುಳದಲ್ಲೇಯ. ಅದ್ರಲ್ಲಿ ಎದ್ದಿದ್ದು ಒಂದೂ ಇಲ್ಲ. ನೀನು ನೋಡಿದ್ದೀಯಾ, ಹೇಳು."

"ಹುಳದಲ್ಲಿ ನೋಡಿಲ್ಲ."

"ನಾನೂ ನೋಡಿಲ್ಲ. ನಂಗೇನು ಅವಳ ಹೊರಗಿಡೋ ಚಟವಾ? ಅವಳು ಇಲ್ದೆ ಮನೇಲಿ ಗಂಟಲಲ್ಲಿ ನೀರಿಳಿಯಕ್ಕಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೆಳೆ ಮುಗೀಲಿ, ನೋಡವ."

ಏನು ನೋಡುವುದು ಎಂದು ನನಗೆ ತಿಳಿಯಲಿಲ್ಲ. ಹುಳ ಬಲಿತು ಹಣ್ಣಾದವು, ಗೂಡು ಕಟ್ಟಿದವು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಕಳಿಸಿದ್ದಾಯಿತು. ಹುಳದ ಮನೆ ಖಾಲಿ. ಅದನ್ನು ತೊಳೆದು, ಬಾಗಿಲು ಹಾಕಿ, ಸಂಜೆ ನಂಜಮ್ಮಣ್ಣಿ ಕಂಕುಳಲ್ಲಿ ಚಾಪೆ, ದಿಂಬು ಇಟ್ಟುಕೊಂಡು ಹೊರಟಳು.

"ಎಲ್ಲಿಗೆ ದೊಡ್ಡವ್ವ?"

"ಅನುಮಾನದ ಹುಳ ಇದ್ರೆ ಏನ್ಮಾಡ್ತೀವಿ? ಬ್ಯಾರೆ ತಟ್ಟೆಗಾಕಿ, ಜೊತೇಲಿ ಒಂದು ಒಳ್ಳೇ ಹುಳ ಬುಟ್ಟು ನೋಡ್ತೀವಿ. ಒಳ್ಳೇದಕ್ಕೂ ಹಿಡೀತಾ, ರೋಗ ಐತೆ. ಹಿಡೀನಿಲ್ವಾ, ಇಲ್ಲ."

"ಇಲ್ಲಿ ಒಳ್ಳೇ ಹುಳ ಯಾವ್ದು?"

"ಇನ್ಯಾರವ್ರೆ ಮನೇಲಿ? ನಾನೇಯ."

ಬೆಳೆ ಇರುವಾಗ ಈ ಪರೀಕ್ಷೆ ಆಗುತ್ತಿರಲಿಲ್ಲ, ಹುಳದ ಮನೆಗೆ ರೋಗ ತರುವ ಹಾಗಿಲ್ಲವಲ್ಲ. ಹಾಗಾಗಿ ತನ್ನ ಜೀವವನ್ನು ಬೆಳೆ ಮುಗಿಯುವವರೆಗೆ ಕಾಯಿಸಿದ್ದಳು. ನಾನು ಬೇಡವೆಂದು ಹಿಂದೆ ಓಡಿದೆ. ಆದರೆ ತಡೆದದ್ದು ನಾನಲ್ಲ, ಚಿಕ್ಕತಾಯಿ. ಒಳಗಿನಿಂದ ಅಗಳಿ ಹಾಕಿಕೊಂಡು ಕೂಗಿದಳು: "ಬರ್ಬ್ಯಾಡ ಅತ್ತಿಗೆ! ನಂಗೇ ನಂಬಿಕೆಯಿಲ್ಲ ಈಗ. ನಿಂಗೆ ಅಂಟಿದ್ರೆ ನಾನು ಬಾವಿಗೆ ಬೀಳ್ತೀನಿ." ಹೊರಗಿಟ್ಟು ಹೊರಗಿಟ್ಟು, ಪಾಪ, ಅವಳಿಗೂ ತಾನು ರೋಗವೇ ಎಂಬಂತೆ ಆಗಿಬಿಟ್ಟಿತ್ತು. ನಂಜಮ್ಮಣ್ಣಿ ಬಾಗಿಲಿಗೆ ಬೆನ್ನು ಕೊಟ್ಟು ಚಪ್ಪಡಿಯ ಮೇಲೆ ಚಾಪೆ ಹಾಸಿದಳು. "ತೆಗೀದಿದ್ರೆ ಇಲ್ಲೇ ಮಲಗ್ತೀನಿ. ಹಾವು ಹರಿದಾಡ್ತವೆ" ಎಂದಳು. ಅಗಳಿ ತೆಗೆದ ಸದ್ದು ಕೇಳಿಸಿತು.

ಇಬ್ಬರೂ ಒಂದೇ ಗಂಗಳದಲ್ಲಿ ಉಂಡರು, ಒಂದೇ ಚೊಂಬಿನಲ್ಲಿ ಕುಡಿದರು. ಮುಂದಿನ ಬೆಳೆಯ ಮರಿಹುಳ ತರುವ ಹೊತ್ತಾದರೂ ನಂಜಮ್ಮಣ್ಣಿಗೆ ಒಂದು ಸೀನೂ ಬರಲಿಲ್ಲ. ಒಂದು ಬೆಳಿಗ್ಗೆ ನಾದಿನಿಯ ಕೈ ಹಿಡಿದುಕೊಂಡು ತೋಟದಿಂದ ಬಂದು, ಮಿಲ್ಲಿನ ಮುಂದೆ ಚೀಲ ಹಿಡಿದು ನಿಂತಿದ್ದ ಜನಕ್ಕೆಲ್ಲ ಕೇಳುವಂತೆ, "ನಾನು ತಪ್ಪು ತಿಳ್ಕಂಡಿದ್ದೆ. ಮನುಷ್ರು ಏಳ್ತಾರೆ. ನೋಡ್ಕಂಡು ಬಂದಿವ್ನಿ" ಎಂದಳು. ಹೊಸ ಊರು ನೋಡಿ ಬಂದವರ ಮುಖದಲ್ಲಿರುವಂಥ ಬೆರಗು ಆ ಮುಖದಲ್ಲಿತ್ತು. ತಪ್ಪು ಮಾಡಿದೆ ಎಂಬ ನಾಚಿಕೆಗಿಂತ ಹೊಸದೊಂದು ತಿಳಿಯಿತು ಎಂಬ ಸಂತೋಷವೇ ಹೆಚ್ಚಾಗಿತ್ತು. ಚಿಕ್ಕತಾಯಿ ಮಾತ್ರ ಒಂದು ತಿಂಗಳು ಅತ್ತಿಗೆಯ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ, ಅದು ನ್ಯಾಯವೇ.

ಆಮೇಲೆ ಊರಿನಲ್ಲಿ ಯಾರು ಆಸ್ಪತ್ರೆಯಿಂದ ವಾಪಸು ಬಂದರೂ ಅವರ ಜಗುಲಿಯ ಮೇಲೆ ಮೊದಲು ಕೂರುವವಳು ನಂಜಮ್ಮಣ್ಣಿ. ಅವರ ಮನೆಯ ಮಜ್ಜಿಗೆ ಕೇಳಿ ಕುಡಿದು, ಬಾಯಿ ಒರೆಸಿಕೊಂಡು, ಬೀದಿಯಲ್ಲಿ ಹೋಗುವವರಿಗೆ ಕಾಣುವಂತೆ ಎಲೆ ಅಡಿಕೆ ಹಾಕಿಕೊಂಡು ಕೂರುವಳು. ತೊಟ್ಟಿಯ ನೀರು ಬದಲಿಸುವುದನ್ನೂ ಒಂದು ದಿನ ತಪ್ಪಿಸಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ರೋಗ ಮತ್ತೆ ಬಂತು, ಈ ಸಲ ಇನ್ನೂ ಜೋರಾಗಿ. ನಂಜಮ್ಮಣ್ಣಿ ಲಸಿಕೆಯ ಸೂಜಿ ಹಾಕಿಸಿಕೊಳ್ಳಲು ಹೆಸರು ಕೊಟ್ಟು ಬಂದಿದ್ದಳು, ಸರದಿ ಬಂದಿರಲಿಲ್ಲ. ಒಂದು ಮಧ್ಯಾಹ್ನ ಆಕೆ ಹುಳದ ಮನೆಯ ಬಾಗಿಲಲ್ಲಿ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದಳು. ನಾನು ಆಗತಾನೇ ಬೀಡಿ ಮುಗಿಸಿ, ಮರೆತು, ನೇರವಾಗಿ ಹತ್ತಿರಕ್ಕೇ ಹೋಗಿ, ರಾಗಿ ಬೀಸಿ ಇಟ್ಟಿದ್ದೇನೆ ಎಂದೆ. "ಚಿಕ್ಕತಾಯಿನ ಕಳಿಸ್ತೀನಿ" ಎಂದಳು. ಬೈಯಲಿಲ್ಲ, ದೂರ ನಿಲ್ಲು ಎನ್ನಲಿಲ್ಲ. ಒಂದು ಗಳಿಗೆ ನನಗೆ ಗೆದ್ದಂತಾಯಿತು. ಮರುಗಳಿಗೆ ಒಗ್ಗರಣೆ ಸೀದರೂ ವಾಸನೆ ತಿಳಿಯದ ಚಿಕ್ಕತಾಯಿ ನೆನಪಾದಳು.

"ದೊಡ್ಡವ್ವ, ನಾನೀಗ ಬೀಡಿ ಸೇದ್ಕೊಂಡು ಬಂದೆ."

ಆಕೆ ನನ್ನ ಮುಖ ನೋಡಿದಳು. ಆಮೇಲೆ ಕೈಯಲ್ಲಿದ್ದ ಸೊಪ್ಪನ್ನು ಮೂಗಿಗೆ ಒತ್ತಿ ಹಿಡಿದಳು. "ಬೆಳಿಗ್ಗೆಯಿಂದ ಸೊಪ್ಪು ಬರೀ ನೀರಿನಂಗೈತೆ ಕಣ್ಲಾ. ನಾನು ಸೊಪ್ಪಿನ ದೋಷ ಅನ್ಕಂಡಿದ್ದೆ" ಎಂದಳು. ಸೊಪ್ಪು ಕೆಳಗಿಟ್ಟು, ಹುಳದ ಮನೆಯ ಕಡೆ ತಿರುಗಿಯೂ ನೋಡದೆ, ತಾನೇ ಪಂಪ್‌ಸೆಟ್ ಮನೆಗೆ ನಡೆದಳು.

ನನಗೆ ಒಮ್ಮೆ ಬಂದು ಹೋಗಿದೆ, ಭಯವಿಲ್ಲ ಎಂದು ಚಿಕ್ಕತಾಯಿ ಜೊತೆಗೇ ಇದ್ದು ನೋಡಿಕೊಂಡಳು. ಮಾಗಡಿಯಿಂದ ಹೊರಟ ಮಗಳನ್ನು ನಂಜಮ್ಮಣ್ಣಿ ಫೋನಿನಲ್ಲೇ ತಡೆದಳು. ಉಸಿರು ಕಟ್ಟತೊಡಗಿದಾಗ ಆಂಬುಲೆನ್ಸಿಗೆ ಹೇಳಿದೆವು. ಆಸ್ಪತ್ರೆ ಎಂದರೆ ಊರಿನ ಅರ್ಧ ಜನ ಕಂಬ ಹಿಡಿದು ಅಳುತ್ತಿದ್ದ ಕಾಲ ಅದು. ನಂಜಮ್ಮಣ್ಣಿ ತಾನಾಗಿ ಎದ್ದು, ನಾದಿನಿಯ ಹೆಗಲು ಹಿಡಿದು ತೋಟದಿಂದ ಬಂದಳು. ಹುಳದ ಮನೆಯ ಮುಂದೆ ನಿಂತು, ತೊಟ್ಟಿಯಲ್ಲಿ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು. ಮೈತುಂಬ ಬಿಳಿ ಕವಚ ತೊಟ್ಟಿದ್ದ ಡ್ರೈವರು "ಅಮ್ಮಾ, ಬೇಗ" ಎಂದ.

"ಒಸಿ ಇರಪ್ಪ. ನಮ್ಮನೆ ರೋಗ ಹೊರಕ್ಕೆ ಹೋಗ್ಬಾರ್ದಲ್ಲ."

"ಧೈರ್ಯವಾಗಿರು ದೊಡ್ಡವ್ವ" ಎಂದೆ.

"ನಂಗೇನ್ಲಾ ಭಯ? ಚಿಕ್ಕತಾಯಿ ಎದ್ದು ಬರ್ನಿಲ್ವಾ? ನಾನೂ ಬತ್ತೀನಿ." ಗಾಡಿ ಹತ್ತುವಾಗ ನಿಂತು, ಏದುಸಿರಿನಲ್ಲೇ ನನ್ನ ಕಡೆ ತಿರುಗಿದಳು. "ಬೀಡಿ ಹಚ್ಚೀಯ ಜ್ವಾಕೆ. ನಂಗೆ ಗೊತ್ತಾಗ್ದೆ ಇರ್ಬೋದು, ಹುಳಕ್ಕೆ ಗೊತ್ತಾಯ್ತದೆ."

ಆಕೆ ಬರಲಿಲ್ಲ. ಆಸ್ಪತ್ರೆಯವರು ಮುಖವನ್ನೂ ನಮಗೆ ತೋರಿಸಲಿಲ್ಲ. ಒಬ್ಬರು ಏಳುವುದು, ಇನ್ನೊಬ್ಬರು ಏಳದಿರುವುದು ಯಾವುದರಿಂದ ಎಂದು ಆಕೆ ಇದ್ದಿದ್ದರೆ ಖಂಡಿತ ಕೇಳುತ್ತಿದ್ದಳು. ನಾನೂ ಕೇಳಿ ನೋಡಿದೆ, ಯಾರೂ ಸರಿಯಾಗಿ ಹೇಳಲಿಲ್ಲ. ತಾನು ಜೀವ ಒಡ್ಡಿ ತಿಳಿದುಕೊಂಡದ್ದನ್ನು ನಂಬಿಯೇ ಆಕೆ ಗಾಡಿ ಹತ್ತಿದ್ದಳು. ಆ ಬೆಳೆಯನ್ನು ಚಿಕ್ಕತಾಯಿ ಒಬ್ಬಳೇ ಗೂಡಿಗೆ ಹತ್ತಿಸಿದಳು. ಈಗಲೂ ಹುಳ ಸಾಕುತ್ತಾಳೆ, ತೊಟ್ಟಿ ತುಂಬಿಸುತ್ತಾಳೆ. ಅವಳಿಗೆ ವಾಸನೆ ಪೂರ್ತಿಯಾಗಿ ಮರಳಿಲ್ಲ. ಮಿಲ್ಲಿನ ಹಿಂದೆ ನಿಂತು ಒಂದು ಕಟ್ಟು ಬೀಡಿ ಸೇದಿದರೂ ಇನ್ನು ನನ್ನನ್ನು ಕೂಗಿ ಕೇಳುವವರಿಲ್ಲ. ನಾನು ಊರಾಚೆಯ ಹಳ್ಳ ದಾಟಿ, ಆಚೆ ದಡಕ್ಕೆ ಹೋಗಿ ಸೇದಿ ಬರುತ್ತೇನೆ.